ಪನ್ನೀರು ಸೊಪ್ಪು: ಅದರ ಕೃಷಿಯೂ ಗುಣವೂ ಮಿತಿಯೂ

ಹಿತ್ತಲ ಗಿಡ ಮದ್ದಲ್ಲವೆಂಬುದು ನಮ್ಮ ನಾಡಿನ ಹಳೆಯ ಗಾದೆ. ಕೈಗೆ ಸುಲಭವಾಗಿ ಸಿಕ್ಕುವ ವಸ್ತುವನ್ನು ಜನರು ಅಲಕ್ಷ್ಯ ಮಾಡುವರೆಂಬುದು ಇದರ ತಾತ್ಪರ್ಯ. ಆದರೆ ಇದಕ್ಕೆ ವಿಪರೀತವಾದ ಮತ್ತೊಂದು ದೋಷವೂ ಗ್ರಾಮಗಳಲ್ಲಿ ಕಂಡುಬರುತ್ತಿದೆ. ಪರಿಮಳವುಳ್ಳ ಗಿಡವೆಲ್ಲವೂ ಸಕಲ ರೋಗಗಳಿಗೆ ಮದ್ದು ಎಂದು ನಂಬಿ, ವೈದ್ಯರ ಬಳಿಗೆ ಹೋಗಬೇಕಾದ ಹೊತ್ತನ್ನು ಕಳೆದುಕೊಳ್ಳುವುದೇ ಆ ದೋಷ. ಮೊದಲನೆಯದರಿಂದ ಒಳ್ಳೆಯ ಗಿಡಗಳು ಹಿತ್ತಲಿನಿಂದ ಮಾಯವಾಗುತ್ತವೆ. ಎರಡನೆಯದರಿಂದ ಜೀವಹಾನಿಯೇ ಆಗುವುದುಂಟು. ಈ ಎರಡರ ನಡುವಿನ ಮಾರ್ಗವನ್ನು ತೋರಿಸುವುದಕ್ಕಾಗಿ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಗ್ರಾಮದ ಯಜಮಾನರ ಮತ್ತು ಜಮೀನುದಾರರ ಮುಂದೆ ಪನ್ನೀರು ಸೊಪ್ಪಿನ ವಿಷಯವನ್ನು ಇಲ್ಲಿ ವಿಸ್ತರಿಸಿದೆ.

ಹೆಸರು ಮತ್ತು ಕುಲ

ಹೂವಿನ ಅಂಗಡಿಗಳಲ್ಲಿ ಮರುಗ, ದವನಗಳ ಸಂಗಡ ಹಾರಕ್ಕೆ ಸೇರಿಸಿ ಕಟ್ಟುವ, ಗುಲಾಬಿಯ ವಾಸನೆಯುಳ್ಳ ಸೀಳುಸೀಳಾದ ಎಲೆಯೇ ಪನ್ನೀರು ಸೊಪ್ಪು. ಇದನ್ನು ತೋಟಗಾರಿಕೆಯವರು ಜಿರೇನಿಯಂ ಎನ್ನುತ್ತಾರೆ. ಉದ್ಯಾನಗಳಲ್ಲಿ ಚಳಿಗಾಲದಲ್ಲಿ ಕೆಂಪು, ಬಿಳಿ, ಗುಲಾಬಿ ಬಣ್ಣದ ಗೊಂಚಲು ಹೂಗಳನ್ನು ಬಿಡುವ ಕುಂಡದ ಗಿಡಗಳೂ ಇದರ ದಾಯಾದಿಗಳೇ.

ವಾಸ್ತವವಾಗಿ ಜಿರೇನಿಯಂ ಎಂಬುದು ಇದಕ್ಕೆ ಸಲ್ಲುವ ಹೆಸರಲ್ಲ. ಸ್ವೀಡನ್ ದೇಶದ ಲಿನೇಯಸ್ ಪಂಡಿತನು 1753ರಲ್ಲಿ ಸಸ್ಯಗಳಿಗೆ ಹೆಸರಿಟ್ಟಾಗ ಈ ವರ್ಗದ ಗಿಡಗಳನ್ನೆಲ್ಲ ಜಿರೇನಿಯಂ ಎಂಬ ಒಂದೇ ಕುಲಕ್ಕೆ ಸೇರಿಸಿದನು. 1789ರಲ್ಲಿ ಫ್ರಾನ್ಸಿನ ಲೆರಿಟಿಯೇ ಎಂಬವನು ಆಫ್ರಿಕದ ಗಿಡಗಳನ್ನು ಬೇರ್ಪಡಿಸಿ ಪೆಲಾರ್ಗೋನಿಯಂ ಎಂಬ ಕುಲವನ್ನು ಸ್ಥಾಪಿಸಿದನು. ಅಷ್ಟರಲ್ಲಿ ಹಳೆಯ ಹೆಸರು ಜನರ ನಾಲಗೆಯಲ್ಲಿ ನಿಂತುಹೋಗಿತ್ತು. ಗ್ರೀಕ್ ಭಾಷೆಯಲ್ಲಿ ಮೊದಲನೆಯದಕ್ಕೆ ಕ್ರೌಂಚವೆಂದೂ ಎರಡನೆಯದಕ್ಕೆ ಕೊಕ್ಕರೆಯೆಂದೂ ಮೂಲಾರ್ಥ. ಎರಡರ ಕಾಯಿಯೂ ಹಕ್ಕಿಯ ಉದ್ದನೆಯ ಕೊಕ್ಕಿನಂತಿರುವುದೇ ಇದಕ್ಕೆ ಕಾರಣ. ನಿಜವಾದ ಜಿರೇನಿಯಂ ಹೂವಿನಲ್ಲಿ ಐದು ದಳಗಳೂ ಸಮವಾಗಿರುತ್ತವೆ. ಪೆಲಾರ್ಗೋನಿಯಂನಲ್ಲಿ ಮೇಲಿನ ಎರಡು ದಳಗಳು ಕೆಳಗಿನ ಮೂರಕ್ಕಿಂತ ಭಿನ್ನವಾಗಿರುತ್ತವೆ.

ಈ ಭೇದವನ್ನು ಹೇಳಿದುದು ಪಾಂಡಿತ್ಯಕ್ಕಾಗಿ ಅಲ್ಲ. ಪನ್ನೀರು ಸೊಪ್ಪಿನ ತೌರು ದಕ್ಷಿಣ ಆಫ್ರಿಕ. ಆದಕಾರಣ ಚರಕ, ಸುಶ್ರುತರ ಗ್ರಂಥಗಳಲ್ಲಿ ಇದರ ಪ್ರಸ್ತಾಪವಿರುವುದು ಸಾಧ್ಯವಿಲ್ಲ. ಸಂತೆಯಲ್ಲಿ ಯಾರಾದರೂ ಇದನ್ನು ಋಷಿಗಳು ಹೇಳಿದ ಮೂಲಿಕೆಯೆಂದು ಮಾರಿದರೆ ಆ ಮಾತನ್ನು ನಂಬತಕ್ಕದ್ದಲ್ಲ. ಹಾಗೆಂದು ಪರದೇಶದ ಗಿಡವೆಂಬ ಕಾರಣದಿಂದ ಇದನ್ನು ದೂರವಿಡಬೇಕಾದುದೂ ಇಲ್ಲ. ನಮ್ಮ ಹೊಲಗಳನ್ನು ತುಂಬಿರುವ ಮೆಕ್ಕೆಜೋಳವೂ, ಸಾರಿಗೆ ಹಾಕುವ ಮೆಣಸಿನಕಾಯಿಯೂ ಅಮೆರಿಕದಿಂದ ಬಂದು ನಮ್ಮವಾದುವಲ್ಲವೆ?

ಗುರುತಿಸುವ ರೀತಿ

ದೊಡ್ಡಪತ್ರೆಗೂ ಇದಕ್ಕೂ ಕೆಲವರು ವ್ಯತ್ಯಾಸ ತಿಳಿಯರು. ದೊಡ್ಡಪತ್ರೆಯ ಎಲೆ ದಪ್ಪ, ರಸಭರಿತ, ಅಂಚಿನಲ್ಲಿ ಮಾತ್ರ ಗರಗಸದಂತಿರುವುದು. ವಾಸನೆ ಓಮವನ್ನು ಹೋಲುವುದು. ತಂಬುಳಿಗೂ ಬಜ್ಜಿಗೂ ಬರುವುದು. ಪನ್ನೀರು ಸೊಪ್ಪಿನ ಎಲೆ ತೆಳು, ಮೃದುವಾದ ರೋಮಗಳಿಂದ ಕೂಡಿ, ಅಂಗೈಯಾಕಾರವಾಗಿ ಆಳವಾಗಿ ಸೀಳಿರುವುದು. ಬೆರಳಿನಲ್ಲಿ ಉಜ್ಜಿದರೆ ಗುಲಾಬಿಯ ವಾಸನೆ ಬರುವುದು. ಇದು ಅಡುಗೆಯ ಸೊಪ್ಪಲ್ಲ. ಪನ್ನೀರು ಎಂಬ ಹೆಸರು ಗುಲಾಬಿಯ ಒಂದು ಜಾತಿಗೂ ಸಲ್ಲುವುದರಿಂದ, ಸಸಿ ತರುವವರು ಹೆಸರನ್ನು ನಂಬದೆ ಎಲೆಯನ್ನು ಮುಟ್ಟಿ ಮೂಸಿ ನೋಡಿ ತರತಕ್ಕದ್ದು.

ನಾಲ್ಕು ತಾಲ್ಲೂಕುಗಳ ನೆಲ

1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ, ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದುವು. ನ್ಯಾಮತಿಯು ಆಮೇಲೆ ಹೊನ್ನಾಳಿಯಿಂದ ಬೇರೆಯಾಗಿ ಪ್ರತ್ಯೇಕ ತಾಲ್ಲೂಕಾಯಿತು. ಜಿಲ್ಲೆ ಒಂದಾದರೂ ನೆಲದ ಗುಣ ಒಂದಲ್ಲ. ಚನ್ನಗಿರಿಯಲ್ಲಿ ಸೂಳೆಕೆರೆಯೆಂದು ಪ್ರಸಿದ್ಧವಾದ ಶಾಂತಿಸಾಗರದ ನೀರೂ ಭದ್ರಾ ನಾಲೆಯ ನೀರೂ ಇದ್ದು ಅಡಿಕೆಯ ತೋಟಗಳು ಹಬ್ಬಿವೆ. ಹೊನ್ನಾಳಿಯು ತುಂಗಭದ್ರೆಯ ದಡದಲ್ಲಿದ್ದು ಅಲ್ಲಿ ಭತ್ತದ ಗದ್ದೆಯೂ ಎರೆಯ ಭೂಮಿಯೂ ಉಂಟು. ಜಗಳೂರು ಮಳೆಯನ್ನೇ ನೆಚ್ಚಿದ ಒಣ ಸೀಮೆ. ಬರಗಾಲದ ಪರಿಚಯ ಅಲ್ಲಿಯ ರೈತರಿಗೆ ಹೊಸದಲ್ಲ.

ಪನ್ನೀರು ಸೊಪ್ಪು ತಂಪು ಹವೆಯನ್ನು ಬಯಸುವ ಗಿಡ. ನಮ್ಮಲ್ಲಿ ಇದಕ್ಕೆ ಇಬ್ಬರು ಶತ್ರುಗಳು: ಜಗಳೂರಿನ ಕಡೆ ಬೇಸಗೆಯ ಬಿಸಿಲು, ಚನ್ನಗಿರಿ ಹೊನ್ನಾಳಿಗಳ ಕಡೆ ಬುಡದಲ್ಲಿ ನಿಲ್ಲುವ ನೀರು. ಇವೆರಡರಲ್ಲಿ ನೀರೇ ಹೆಚ್ಚು ಅಪಾಯಕರ. ಬಿಸಿಲಿಗೆ ಬಾಡಿದ ಗಿಡ ನೆರಳು ಸಿಕ್ಕಿದರೆ ಚೇತರಿಸಿಕೊಳ್ಳುವುದುಂಟು. ಬುಡ ಕೊಳೆತ ಗಿಡಕ್ಕೆ ಉಪಾಯವಿಲ್ಲ.

ಆದುದರಿಂದ ಎರೆಯ ಭೂಮಿಯುಳ್ಳವರು ಇದನ್ನು ನೆಲದ ಮಟ್ಟದಲ್ಲಿ ನೆಡಕೂಡದು. ಒಂದಡಿ ಎತ್ತರದ ಏರುಮಡಿಯನ್ನು ಮಾಡಿ, ಮಣ್ಣಿಗೆ ಮರಳನ್ನೂ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೂ ಬೆರೆಸಿ ನೆಡತಕ್ಕದ್ದು. ಅಡಿಕೆಯ ಸಾಲುಗಳ ನಡುವೆ ನೆಡುವ ಆಲೋಚನೆಯೂ ಸರಿಯಲ್ಲ. ಅಲ್ಲಿಯ ತೇವ ನೆರಳುಗಳಿಂದ ಗಿಡ ಸೊರಗಿ ನೀಳವಾಗಿ ಬೆಳೆದು ಪರಿಮಳವನ್ನು ಕಳೆದುಕೊಳ್ಳುವುದು. ಜಗಳೂರಿನವರು ಮನೆಯ ಮೂಡಣ ಗೋಡೆಯ ಪಕ್ಕದಲ್ಲಿ, ಬೆಳಗಿನ ಎಳೆ ಬಿಸಿಲು ಬಿದ್ದು ಮಧ್ಯಾಹ್ನದ ಬಿಸಿಲು ತಪ್ಪುವ ಕಡೆಯಲ್ಲಿ ನೆಡಬೇಕು. ಕೈಕಾಲು ತೊಳೆದ ನೀರು, ಕಾಯಿಪಲ್ಯ ತೊಳೆದ ನೀರು ಒಂದೆರಡು ಗಿಡಕ್ಕೆ ಸಾಕು. ಸಾಬೂನು ಸೇರಿದ ಬಚ್ಚಲ ನೀರನ್ನು ಮಾತ್ರ ಬಿಡಕೂಡದು.

ನೆಡುವ ಮತ್ತು ಸಾಕುವ ಕ್ರಮ

ಈ ಗಿಡವನ್ನು ಬೀಜದಿಂದ ಬೆಳೆಸುವ ರೂಢಿಯಿಲ್ಲ, ಕಡ್ಡಿಯಿಂದಲೇ ವೃದ್ಧಿಪಡಿಸುವುದು. ಚಿತ್ತೆ, ಸ್ವಾತಿ ಮಳೆಗಳು ಮುಗಿಯುವ ಹೊತ್ತು, ಎಂದರೆ ಅಕ್ಟೋಬರ್ ಕೊನೆಯಿಂದ ನವೆಂಬರ್ ತಿಂಗಳು, ನಮ್ಮ ಕಡೆಗೆ ಪ್ರಶಸ್ತವಾದ ಕಾಲ. ಮುಂದಿನ ಚಳಿಗಾಲವೆಲ್ಲ ಗಿಡ ಬೇರೂರುವುದಕ್ಕೆ ಸಿಕ್ಕುವುದು.

ರೋಗವಿಲ್ಲದ ತಾಯಿಗಿಡದಿಂದ ಆರೇಳು ಅಂಗುಲ ಉದ್ದದ, ಮೂರು ನಾಲ್ಕು ಗೆಣ್ಣುಗಳುಳ್ಳ ತುದಿಕಡ್ಡಿಯನ್ನು ಹರಿತವಾದ ಚಾಕುವಿನಿಂದ ಗೆಣ್ಣಿನ ಕೆಳಗೆ ಕೊಯ್ಯಬೇಕು. ಕೆಳಗಿನ ಎಲೆಗಳನ್ನು ತೆಗೆದು, ಕೊಯ್ದ ಬಾಯಿ ಆರುವಂತೆ ಕೆಲವು ಗಂಟೆ ನೆರಳಿನಲ್ಲಿಟ್ಟು, ಅನಂತರ ಮರಳು ಬೆರೆತ ಮಣ್ಣಿನಲ್ಲಿ ಊರಬೇಕು. ಮಣ್ಣು ಹಸಿಯಾಗಿರಬೇಕೇ ಹೊರತು ಕೆಸರಾಗಿರಕೂಡದು. ಒಂದೂವರೆಯಿಂದ ಎರಡು ತಿಂಗಳಲ್ಲಿ ಬೇರು ಬಲಿಯುವುದು. ಆಗ ಗಿಡದಿಂದ ಗಿಡಕ್ಕೆ ಎರಡಡಿ ಅಂತರವಿಟ್ಟು ಮಡಿಗೆ ವರ್ಗಾಯಿಸತಕ್ಕದ್ದು. ನೆಟ್ಟ ನಾಲ್ಕೈದು ತಿಂಗಳಿಗೆ ಮೊದಲ ಕೊಯ್ಲು. ತುದಿಯನ್ನು ಚಿವುಟುತ್ತಿದ್ದರೆ ಪಕ್ಕದ ಕೊಂಬೆಗಳು ಒಡೆದು ಗಿಡ ಪೊದೆಯಾಗುವುದು.

ಎಲೆ ಹಳದಿಯಾಗಿ ಕಾಂಡದ ಬುಡ ಕಪ್ಪಾದರೆ ಅದು ಕೊಳೆಯುವ ರೋಗ. ಅಂಥ ಗಿಡವನ್ನು ಬೇರುಸಹಿತ ಕಿತ್ತು ಸುಟ್ಟು, ಹೊಸ ಕಡ್ಡಿಯನ್ನು ಬೇರೆಯ ಜಾಗದಲ್ಲಿ ನೆಡಬೇಕು. ಕಿತ್ತ ಗಿಡದ ಬೇರಿನಲ್ಲಿ ಗಂಟುಗಳು ಕಂಡರೆ ಅದು ಕಣ್ಣಿಗೆ ಕಾಣದ ಜಂತುಹುಳುಗಳ ಬಾಧೆ. ಮಡಿಗೆ ಬೇವಿನ ಹಿಂಡಿ ಸೇರಿಸುವುದರಿಂದಲೂ ಸುತ್ತ ಚೆಂಡುಹೂವಿನ ಗಿಡ ಹಾಕುವುದರಿಂದಲೂ ಇದು ತಗ್ಗುವುದು. ಜೋರು ಮಳೆಗಾಲದಲ್ಲಿ ಒಂದು ಗಿಡವನ್ನಾದರೂ ಕುಂಡದಲ್ಲಿಟ್ಟು ಜಗಲಿಯ ಮೇಲೆ ಕಾಪಾಡಿದರೆ ಮುಂದಿನ ವರ್ಷಕ್ಕೆ ಕಡ್ಡಿ ಹುಡುಕುವ ಶ್ರಮವಿರದು.

ಜನರ ನಂಬಿಕೆಗಳು

ಯೂರೋಪಿನ ಹಳ್ಳಿಗಳಲ್ಲಿ ಕಿಟಕಿಯ ಮುಂದೆ ಕೆಂಪು ಜಿರೇನಿಯಂ ಕುಂಡವನ್ನಿಟ್ಟರೆ ದುಷ್ಟಶಕ್ತಿಯೂ ಹಾವೂ ಮನೆಗೆ ಬಾರವೆಂಬ ನಂಬಿಕೆಯಿತ್ತು. ನಮ್ಮಲ್ಲಿಯೂ ಘಾಟು ವಾಸನೆಯ ಗಿಡಗಳ ಬಳಿ ಹಾವು ಸುಳಿಯದೆಂದು ಹೇಳುವವರುಂಟು. ಅವರೇ ಕೇದಿಗೆಯ ಪರಿಮಳಕ್ಕೆ ಹಾವು ಬರುವುದೆಂದೂ ಹೇಳುತ್ತಾರೆ! ಹಾವು ಬರುವುದು ಪರಿಮಳಕ್ಕಲ್ಲ, ಇಲಿ ಕಪ್ಪೆಗಳಿಗೆ. ಹಿತ್ತಲಿನ ಹುಲ್ಲಿನ ಬಣವೆ, ಸೌದೆಯ ರಾಶಿ, ಕಲ್ಲುಗುಡ್ಡೆಗಳನ್ನು ಮನೆಯ ಗೋಡೆಯಿಂದ ದೂರವಿಟ್ಟು, ಕಾಳು ಚೆಲ್ಲದಂತೆ ನೋಡಿಕೊಂಡರೆ ಇಲಿ ಕಡಿಮೆಯಾಗುವುದು. ಇಲಿಯ ಸಂಗಡ ಹಾವೂ ಕಡಿಮೆಯಾಗುವುದು.

ಸೊಳ್ಳೆಯ ವಿಷಯದಲ್ಲಿಯೂ ಇಂಥದೇ ಒಂದು ನಂಬಿಕೆಯುಂಟು. ಜಿರೇನಿಯಂ ಎಣ್ಣೆಯನ್ನು ಮೈಗೆ ಹಚ್ಚಿದಾಗ ಅದರ ವಾಸನೆಗೆ ಸೊಳ್ಳೆ ಸ್ವಲ್ಪ ಹೊತ್ತು ದೂರವಿರುವುದು ನಿಜ. ಇದರಿಂದ ಗಿಡವನ್ನು ಇಟ್ಟರೆ ಸಾಕೆಂದು ಸೊಳ್ಳೆಗಿಡವೆಂಬ ಹೆಸರಿನಲ್ಲಿ ಒಂದು ತಳಿಯನ್ನು ಮಾರುತ್ತ ಬಂದಿದ್ದಾರೆ. 1996ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಜೀವಂತ ಗಿಡವನ್ನು ಪಕ್ಕದಲ್ಲಿಟ್ಟುಕೊಂಡವರನ್ನೂ ಸೊಳ್ಳೆ ಕಡಿಯದೆ ಬಿಡಲಿಲ್ಲವೆಂದು ಕಂಡುಬಂದಿತು. ಅಷ್ಟೇ ಅಲ್ಲ, ಕುಂಡದ ಕೆಳಗಿಟ್ಟ ತಟ್ಟೆಯಲ್ಲಿ ನೀರು ನಿಂತರೆ ಡೆಂಗೆ ಜ್ವರದ ಸೊಳ್ಳೆ ಅದರಲ್ಲಿಯೇ ಮರಿಮಾಡುವುದು. ಸೊಳ್ಳೆಯನ್ನು ಓಡಿಸಲೆಂದು ತಂದ ಗಿಡವೇ ಸೊಳ್ಳೆಯ ತೊಟ್ಟಿಲಾಗಬಾರದು. ವಾರಕ್ಕೊಮ್ಮೆಯಾದರೂ ತಟ್ಟೆಯ ನೀರನ್ನು ಚೆಲ್ಲಿ ಉಜ್ಜಿ ಒಣಗಿಸತಕ್ಕದ್ದು.

ಔಷಧ ಗುಣದ ವಿಚಾರ

ನಿಜವಾದ ಜಿರೇನಿಯಂ ಗಿಡಗಳಲ್ಲಿ ಒಗರು ಪದಾರ್ಥ ಹೇರಳವಾಗಿದೆ. ಜಪಾನಿನಲ್ಲಿ ಇದರ ಒಂದು ಜಾತಿಯ ಕಷಾಯವನ್ನು ಭೇದಿಗೆ ಕೊಡುವುದು ಹಿಂದಿನಿಂದ ಬಂದ ಪದ್ಧತಿ. ಉತ್ತರ ಅಮೆರಿಕದ ಮೂಲನಿವಾಸಿಗಳೂ ಮತ್ತೊಂದು ಜಾತಿಯ ಬೇರನ್ನು ಇದೇ ಕೆಲಸಕ್ಕೆ ಬಳಸುತ್ತಿದ್ದರು. ಒಗರಿನಿಂದ ಭೇದಿ ಕಟ್ಟುವುದೆಂಬ ತತ್ತ್ವ ದಾಳಿಂಬೆಯ ಸಿಪ್ಪೆಯನ್ನು ಬಳಸುವ ನಮ್ಮ ಅಜ್ಜಿಯರಿಗೂ ಗೊತ್ತು. ಆದರೆ ಪನ್ನೀರು ಸೊಪ್ಪು ಆ ಗಿಡವಲ್ಲ. ಹೆಸರು ಒಂದೆಂದು ಅದರ ಗುಣವನ್ನು ಇದಕ್ಕೆ ಆರೋಪಿಸಿ ಕಷಾಯ ಮಾಡಿ ಕುಡಿಯಕೂಡದು. ಮೇಲಾಗಿ, ಭೇದಿಯಲ್ಲಿ ಮಗುವನ್ನು ಕೊಲ್ಲುವುದು ಮೈಯ ನೀರು ಬತ್ತುವುದೇ. ಒಂದು ಲೀಟರು ಕಾಯಿಸಿ ಆರಿಸಿದ ನೀರಿಗೆ ಆರು ಮಟ್ಟದ ಚಹಾ ಚಮಚ ಸಕ್ಕರೆ, ಅರ್ಧ ಮಟ್ಟದ ಚಹಾ ಚಮಚ ಉಪ್ಪು ಹಾಕಿ ಕರಗಿಸಿ ಗುಟುಕು ಗುಟುಕಾಗಿ ಕುಡಿಸುತ್ತ ಆಸ್ಪತ್ರೆಗೆ ಒಯ್ಯುವುದೇ ಮೊದಲ ಚಿಕಿತ್ಸೆ.

ಕೆಮ್ಮಿನ ವಿಷಯದಲ್ಲಿ ಒಂದು ಚರಿತ್ರೆಯನ್ನು ಯಜಮಾನರು ತಿಳಿದಿರಬೇಕು. ಚಾರ್ಲ್ಸ್ ಸ್ಟೀವನ್ಸ್ ಎಂಬ ಇಂಗ್ಲಿಷ್ ಯುವಕನು ಕ್ಷಯರೋಗದಿಂದ ನರಳಿ 1897ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋದನು. ಅಲ್ಲಿಯ ನಾಟಿ ವೈದ್ಯನೊಬ್ಬನು ಪೆಲಾರ್ಗೋನಿಯಂ ಜಾತಿಯ ಒಂದು ಬೇರಿನ ಕಷಾಯವನ್ನು ಕೊಟ್ಟನು. ಗುಣವಾಯಿತೆಂದು ನಂಬಿದ ಸ್ಟೀವನ್ಸನು ಸ್ವದೇಶಕ್ಕೆ ಮರಳಿ ಅದನ್ನು ಕ್ಷಯದ ಮದ್ದೆಂದು ಮಾರಿದನು. 1909ರಲ್ಲಿ ಬ್ರಿಟಿಷ್ ವೈದ್ಯಸಂಘವು ಗುಪ್ತ ಔಷಧಗಳ ಕುರಿತ ತನ್ನ ಗ್ರಂಥದಲ್ಲಿ ಇದನ್ನು ಖಂಡಿಸಿತು. ಅವನು ಹೂಡಿದ ಮೊಕದ್ದಮೆ 1914ರಲ್ಲಿ ಅವನಿಗೇ ವಿರುದ್ಧವಾಗಿ ಮುಗಿಯಿತು. ಇಂದು ಅದೇ ಬೇರಿನಿಂದ ಸಿದ್ಧಪಡಿಸಿದ ಔಷಧವು ಜರ್ಮನಿಯಲ್ಲಿ ನೆಗಡಿ ಕೆಮ್ಮುಗಳ ಉಪಶಮನಕ್ಕೆ ಮಾರಾಟದಲ್ಲಿದೆ, ಕ್ಷಯಕ್ಕೆ ಅಲ್ಲ. ಒಂದು ಗಿಡದಲ್ಲಿ ಅಲ್ಪ ಗುಣವಿರಬಹುದು. ಆ ಅಲ್ಪವನ್ನು ಮಹತ್ತಾಗಿ ಹೇಳಿದಲ್ಲಿ ಕೇಡು ಹುಟ್ಟುವುದು. ಎರಡು ವಾರ ಮೀರಿದ ಕೆಮ್ಮಿಗೆ ಕಫದ ಪರೀಕ್ಷೆ ಮಾಡಿಸಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಪರೀಕ್ಷೆಯೂ ಔಷಧವೂ ಉಚಿತ.

ಇನ್ನು ಹಾವಿನ ಕಡಿತ. ಇದಕ್ಕೆ ಈಶ್ವರಿ ಬಳ್ಳಿಯನ್ನು ಅರೆದು ಕುಡಿಸುವ ರೂಢಿ ಅನೇಕ ಕಡೆಗಳಲ್ಲಿ ಇದೆ. ಆ ಬಳ್ಳಿಯ ಕುಲದಲ್ಲಿರುವ ಒಂದು ಆಮ್ಲವು ಮೂತ್ರಪಿಂಡವನ್ನು ಕೆಡಿಸಿ ಅರ್ಬುದ ರೋಗವನ್ನೂ ಉಂಟುಮಾಡುವುದೆಂದು ಈಗ ಸಿದ್ಧಪಟ್ಟಿದೆ. ವಿಷಕ್ಕೆ ಪ್ರತಿವಿಷದ ಚುಚ್ಚುಮದ್ದೊಂದೇ ಪರಿಹಾರ. ಕರ್ನಾಟಕ ಸರ್ಕಾರವು 2024ರಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡತಕ್ಕ ಪ್ರಕರಣವೆಂದು ಘೋಷಿಸಿದೆ. ಕಡಿಸಿಕೊಂಡವನನ್ನು ನಡೆಸದೆ, ಗಾಯವನ್ನು ಕೊಯ್ಯದೆ, ಬಿಗಿಯಾಗಿ ಕಟ್ಟದೆ, 108ಕ್ಕೆ ಕರೆಮಾಡಿ ಕೂಡಲೆ ಆಸ್ಪತ್ರೆಗೆ ಸಾಗಿಸತಕ್ಕದ್ದು.

ಹಾಗಾದರೆ ಪನ್ನೀರು ಸೊಪ್ಪಿನಿಂದ ಪ್ರಯೋಜನವೇನು? ದೇವರ ಪೂಜೆಗೆ, ಹೆಣ್ಣುಮಕ್ಕಳ ಮುಡಿಗೆ, ಹಾರಕ್ಕೆ ಇದು ಭೂಷಣ. ನೆರಳಿನಲ್ಲಿ ಒಣಗಿಸಿದ ಎಲೆಯನ್ನು ಬಟ್ಟೆಯ ಪೆಟ್ಟಿಗೆಯಲ್ಲಿಟ್ಟರೆ ಸುವಾಸನೆ ನಿಲ್ಲುವುದು. ಒಂದು ಹಿಡಿ ಎಲೆಯನ್ನು ಬಿಸಿನೀರಿನ ಹಂಡೆಗೆ ಹಾಕಿದರೆ ಹೊಲದಿಂದ ದಣಿದು ಬಂದವನ ಸ್ನಾನಕ್ಕೆ ಹಿತವಾಗುವುದು. ಎಲೆಯಲ್ಲಿ ಜೆರೇನಿಯೋಲ್, ಸಿಟ್ರೊನೆಲ್ಲೋಲ್ ಎಂಬ ಸುಗಂಧ ದ್ರವ್ಯಗಳಿವೆ. ಪ್ರಯೋಗಶಾಲೆಯಲ್ಲಿ ಇವು ಕೆಲವು ಸೂಕ್ಷ್ಮಜೀವಿಗಳನ್ನು ತಡೆಯುವುದು ಕಂಡಿದ್ದರೂ, ಮನುಷ್ಯನ ರೋಗಕ್ಕೆ ಮದ್ದೆಂದು ಹೇಳಲು ಅಷ್ಟು ಸಾಲದು. ಕೆಲವರ ಚರ್ಮಕ್ಕೆ ಇದರಿಂದ ತುರಿಕೆ ಬರುವುದುಂಟು. ಮೊದಲು ಮುಂಗೈಗೆ ಸ್ವಲ್ಪ ಸವರಿ ಒಂದು ದಿನ ನೋಡಬೇಕು. ಎಣ್ಣೆಯನ್ನು ಸರ್ವಥಾ ಕುಡಿಯಕೂಡದು.

ಇದೇನು, ಅಜ್ಜಿಯರ ಅನುಭವವನ್ನು ತಳ್ಳಿಹಾಕುವ ಮಾತೇ ಎಂದು ಕೆಲವರು ಕೇಳಬಹುದು. ಅಲ್ಲ. ಅನುಭವವನ್ನು ಪರೀಕ್ಷೆಗೆ ಒಡ್ಡುವ ಮಾತು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಅಡಿಕೆಯ ಕೊಳೆರೋಗವನ್ನು ಅಭ್ಯಸಿಸಿ ಬೋರ್ಡೋ ದ್ರಾವಣದ ಸಿಂಪಡಿಕೆಯನ್ನು ಬಳಕೆಗೆ ತಂದರು. ಸಿಂಪಡಿಸಿದ ಗೊನೆಯನ್ನೂ ಸಿಂಪಡಿಸದ ಗೊನೆಯನ್ನೂ ಅಕ್ಕಪಕ್ಕದಲ್ಲಿ ನೋಡಿದ ಯಾವ ತೋಟಿಗನಿಗೂ ಬೇರೆ ಸಾಕ್ಷಿ ಬೇಕಾಗದು. ತೋಟದ ಮದ್ದಿಗೆ ಕೇಳುವ ಈ ಸಾಕ್ಷಿಯನ್ನು ಮನೆಯ ಮಕ್ಕಳಿಗೆ ಕೊಡುವ ಮದ್ದಿಗೂ ಕೇಳಬೇಡವೆ?

ಎಣ್ಣೆಯ ಆಸೆ

ಜಿರೇನಿಯಂ ಎಣ್ಣೆಯು ಅತ್ತರು, ಸಾಬೂನುಗಳ ತಯಾರಿಕೆಗೆ ಬೇಕಾದ ಬೆಲೆಯುಳ್ಳ ಪದಾರ್ಥ. ಈಜಿಪ್ಟ್, ಚೀನ, ರಿಯೂನಿಯನ್ ದ್ವೀಪ ಇದಕ್ಕೆ ಹೆಸರಾದುವು. ನಮ್ಮ ದೇಶದಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಯೇರ್ಕಾಡಿಗೆ ಬಂದು, ಮುಂದೆ ನೀಲಗಿರಿಯಲ್ಲಿ ಬೆಳೆಯಾಯಿತು. ಬಯಲುಸೀಮೆಯಲ್ಲಿ ಬೆಳೆಯುವ ಕ್ರಮವನ್ನು ಲಕ್ನೋ ನಗರದ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯ ಸಂಸ್ಥೆ ಅಭ್ಯಸಿಸಿದೆ. ಅದರ ಒಂದು ಕೇಂದ್ರ ಬೆಂಗಳೂರಿನಲ್ಲಿದೆ.

ಎಣ್ಣೆಯ ಬೆಲೆಯನ್ನು ಕೇಳಿ ಎಕರೆಗಟ್ಟಲೆ ನೆಡಬೇಕೆನ್ನುವ ಜಮೀನುದಾರರು ಮೊದಲು ಈ ಲೆಕ್ಕವನ್ನು ನೋಡಬೇಕು. ಹಸಿ ಸೊಪ್ಪಿನಲ್ಲಿ ಎಣ್ಣೆ ನೂರಕ್ಕೆ 0.1ರಿಂದ 0.2 ಭಾಗ ಮಾತ್ರ. ಎಂದರೆ ಒಂದು ಸಾವಿರ ಕಿಲೋಗ್ರಾಂ ಸೊಪ್ಪನ್ನು ಬಟ್ಟಿ ಇಳಿಸಿದರೆ ಒಂದರಿಂದ ಎರಡು ಕಿಲೋಗ್ರಾಂ ಎಣ್ಣೆ. ಬಟ್ಟಿಯ ಯಂತ್ರ, ಸೌದೆ, ನೀರು, ಆಳು ಇವೆಲ್ಲ ಹತ್ತಿರದಲ್ಲಿಯೇ ಇರಬೇಕು. ಕೊಯ್ದ ಸೊಪ್ಪನ್ನು ಬಹಳ ದಿನ ಇಡಲಾಗದು, ದೂರ ಸಾಗಿಸಿದರೆ ಗಿಟ್ಟದು. ಸಸಿಯನ್ನು ಹೆಚ್ಚು ಬೆಲೆಗೆ ಮಾರಿ, ಎಣ್ಣೆಯನ್ನು ನಾವೇ ಕೊಳ್ಳುತ್ತೇವೆಂದು ಬಾಯಿಮಾತಿನಲ್ಲಿ ಹೇಳುವವರು ಬಂದರೆ, ಕರಾರನ್ನು ಕಾಗದದ ಮೇಲೆ ಬರೆಸಿಕೊಳ್ಳದೆ ಹಣ ಕೊಡಕೂಡದು. ಬಟ್ಟಿ ಎಲ್ಲಿದೆ, ಕೊಳ್ಳುವವರು ಯಾರು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ದೊರೆಯದ ಹೊರತು, ಸಾಲ ಮಾಡಿ ಒಂದು ಗುಂಟೆಯನ್ನೂ ನೆಡುವುದು ತರವಲ್ಲ. ಹೂವಿನ ಸಂತೆಗೆ ಕಟ್ಟುಕಟ್ಟಾಗಿ ಸೊಪ್ಪನ್ನು ಮಾರುವುದಾದರೆ ನಾಲ್ಕಾರು ಮಡಿಗಳಿಂದ ಮನೆಯ ಹೆಂಗಸರ ಕೈಗೆ ಒಂದಿಷ್ಟು ಕಾಸು ಸೇರಬಹುದು. ಅಷ್ಟರಿಂದ ಪ್ರಾರಂಭಿಸುವುದೇ ವಿವೇಕ.

ಗ್ರಾಮದ ಯಜಮಾನರಲ್ಲಿ ವಿಜ್ಞಾಪನೆ

ಹಳ್ಳಿಯಲ್ಲಿ ಯಜಮಾನರ ಹಿತ್ತಲನ್ನು ನೋಡಿ ಉಳಿದವರು ನಡೆಯುವುದು ರೂಢಿ. ಅಡಿಕೆಯ ಬೆಲೆ ಏರಿದಾಗ ಹಿತ್ತಲನ್ನೂ ತೋಟಕ್ಕೆ ಸೇರಿಸಿಕೊಳ್ಳುವ ಪ್ರವೃತ್ತಿ ಸಹಜವಾದರೂ, ಹತ್ತಡಿ ಜಾಗವನ್ನು ಬಿಟ್ಟುಕೊಂಡರೆ ನಷ್ಟವೇನೂ ಆಗದು. ಆದಕಾರಣ ಈ ಕೆಳಗಿನ ನಾಲ್ಕು ಕಾರ್ಯಗಳನ್ನು ಸೂಚಿಸಲಾಗಿದೆ.

1. ಹಿತ್ತಲಿನಲ್ಲಿ ಒಂದು ಏರುಮಡಿಯನ್ನು ಮಾಡಿ ತುಳಸಿ, ದೊಡ್ಡಪತ್ರೆ, ಒಂದೆಲಗ, ಮಜ್ಜಿಗೆಹುಲ್ಲು, ಮರುಗಗಳೊಡನೆ ಪನ್ನೀರು ಸೊಪ್ಪನ್ನೂ ಬೆಳೆಸುವುದು. ಹೊಸ ಗಿಡಕ್ಕಾಗಿ ಹಳೆಯ ಗಿಡವನ್ನು ಕೀಳತಕ್ಕದ್ದಲ್ಲ.

2. ಪ್ರತಿ ಗಿಡದ ಹೆಸರನ್ನೂ ಉಪಯೋಗವನ್ನೂ, ಯಾವುದಕ್ಕೆ ಉಪಯೋಗಿಸಬಾರದೆಂಬುದನ್ನೂ ಮನೆಯ ಹಿರಿಯ ಹೆಂಗಸರಿಂದ ಕೇಳಿ, ಆರೋಗ್ಯ ಕೇಂದ್ರದ ವೈದ್ಯರಲ್ಲಿ ವಿಚಾರಿಸಿ, ಶಾಲೆಯ ಮಕ್ಕಳ ಕೈಯಿಂದ ಬರೆಯಿಸಿಡುವುದು.

3. ಹಾವಿನ ಕಡಿತ, ಎರಡು ವಾರದ ಕೆಮ್ಮು, ಮಕ್ಕಳ ವಾಂತಿಭೇದಿ, ಬಿಡದ ಜ್ವರ, ಕಾಮಾಲೆ ಇವುಗಳಿಗೆ ಹಿತ್ತಲ ಮದ್ದನ್ನು ನಂಬಿ ಕೂರದೆ ಮೊದಲು ಆಸ್ಪತ್ರೆಗೆ ಹೋಗಬೇಕೆಂದು ಗ್ರಾಮಸಭೆಯಲ್ಲಿ ತಿಳಿಯಪಡಿಸುವುದು.

4. ವ್ಯಾಪಾರಕ್ಕಾಗಿ ಬೆಳೆಯಬೇಕೆಂಬ ಇಚ್ಛೆಯುಳ್ಳವರು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿಯೂ ತೋಟಗಾರಿಕೆ ಇಲಾಖೆಯಲ್ಲಿಯೂ ವಿಚಾರಿಸಿ ಮುಂದುವರಿಯುವುದು.

ಪನ್ನೀರು ಸೊಪ್ಪು ಬಡವನ ಅಂಗಳಕ್ಕೂ ಎಟಕುವ ಗಿಡ. ಒಂದು ಕಡ್ಡಿಯನ್ನು ನೆರೆಯವರಿಂದ ಬೇಡಿ ತಂದರೆ ವರ್ಷದೊಳಗೆ ಹತ್ತು ಮನೆಗೆ ಹಂಚಬಹುದು. ಕಡ್ಡಿಯ ಜೊತೆಯಲ್ಲಿ ಅದರ ಗುಣವನ್ನೂ ಮಿತಿಯನ್ನೂ ಹೇಳಿ ಕೊಟ್ಟರೆ ಆ ದಾನ ಪೂರ್ಣವಾಗುವುದು. ಬರುವ ಚಿತ್ತೆ ಮಳೆಯ ಹೊತ್ತಿಗೆ ಮಡಿಗಳು ಸಿದ್ಧವಾಗಿರಲಿ.